ಬಾಡಿಗೆ ಕಟ್ಟಿದ್ದು

ನಮ್ಮ ಮನೆಯವರು ಮನೆಯಂಗಳದಲ್ಲೇ ಕಾರು ಕಟ್ಟಿದ ಕಥೆ ಹೊನ್ನಾವರದಲ್ಲಿ ದೋಣಿ ನಿಲ್ಲುವ ಧಕ್ಕೆಯಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ಹೇಳುವವರೆಲ್ಲ ಗಂಡಸರು. ಹಾಗಾಗಿ ಅದರಲ್ಲಿ ಇಂಜಿನ್ನಿದೆ, ಗೇರಿದೆ, ಇವರ, ಅಂದರೆ ಶ್ರೀಕೃಷ್ಣ ಮಾಸ್ತರರ ತಲೆಯಿದೆ. ನಾನಿಲ್ಲ, ನಮ್ಮ ಅತ್ತೆಯೂ ಇಲ್ಲ. ಕಾರಿನ ಮೈತುಂಬ ಹರಿದಾಡುವ ವಾಯರಿನ ಸುದ್ದಿಯಂತೂ ಇಲ್ಲವೇ ಇಲ್ಲ. ಕಾರು ಓಡುವುದು ಬರಿಯ ಪೆಟ್ರೋಲಿನಿಂದ ಎಂದು ನಂಬಿದವರಿಗೆ ವಾಯರಿನ ಕಷ್ಟ ಹೇಳಿ ಪ್ರಯೋಜನವಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಅವರ ಕಥೆ ಕೇಳಿ ಕೇಳಿ ನನಗೆ ಸಾಕಾಗಿದೆ.

ನಮ್ಮ ಮನೆ ಶರಾವತಿಯ ತೆಂಕಣ ದಡದಲ್ಲಿ, ಹೊನ್ನಾವರದ ಎದುರಿನ ಕಾಸರಕೋಡಿನಲ್ಲಿ. ಆಗ ಹೊಳೆಗೆ ಸೇತುವೆ ಇರಲಿಲ್ಲ. ಇವರು ಬೆಳಿಗ್ಗೆ ದೋಣಿ ದಾಟಿ ಹೊನ್ನಾವರದ ಹೈಸ್ಕೂಲಿಗೆ ಹೋಗಿ ವಿಜ್ಞಾನ ಕಲಿಸುತ್ತಿದ್ದರು. ಸಂಜೆ ದೋಣಿ ದಾಟಿ ಬರುವಾಗ ಆ ವಿಜ್ಞಾನವನ್ನು ಆಚೆ ದಡದಲ್ಲೇ ಬಿಟ್ಟು ಬರುತ್ತಿದ್ದರು. ಮನೆಯಲ್ಲಿ ನಾನು, ಮತ್ತು ಅತ್ತೆ ಗಂಗಮ್ಮ. ಅತ್ತೆಗೆ ಕಾಲು ಬಾರದು, ನಾಲಗೆಗೆ ಯಾವ ತೊಂದರೆಯೂ ಇರಲಿಲ್ಲ.

ಮಗನಿಗೆ ಮಾಸ್ತರಿಕೆ ಸಿಕ್ಕಿದರೆ ಇಡಗುಂಜಿ ಗಣಪತಿಯ ಎದುರು ಕೈಯಾರೆ ದೀಪ ಹಚ್ಚುತ್ತೇನೆ ಎಂದು ಅವರು ಹರಕೆ ಹೊತ್ತಿದ್ದರು. ಮಾಸ್ತರಿಕೆ ಸಿಕ್ಕಿತು. ಮಳೆಗಾಲ ಮುಗಿಯಲಿ, ಹಪ್ಪಳದ ಕೆಲಸ ಮುಗಿಯಲಿ ಎನ್ನುತ್ತಿರುವಾಗಲೇ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಮೇಲೆ ಬಸ್ಸಿನ ಮೆಟ್ಟಿಲು ಹತ್ತಲಾಗಲಿಲ್ಲ. ಎತ್ತಿನಗಾಡಿಯಲ್ಲಿ ಒಮ್ಮೆ ಹೊರಡಿಸಿದ್ದೆವು, ಊರ ಗಡಿ ದಾಟುವುದರೊಳಗೆ ನೋವು ತಡೆಯದೆ ತಿರುಗಿಸಬೇಕಾಯಿತು. ಅಂದಿನಿಂದ ಹಾಲು ಒಡೆದರೂ ಹಚ್ಚದ ದೀಪದಿಂದ, ಬೆಕ್ಕು ಮರಿಯನ್ನು ಕಳೆದುಕೊಂಡರೂ ಹಚ್ಚದ ದೀಪದಿಂದ. ನನಗೆ ಮಕ್ಕಳಾಗದ್ದಕ್ಕೂ ಅದೇ ಕಾರಣ ಎಂದು ಒಮ್ಮೆ ಅಂದರು. ಆ ಮಾತು ನನಗೆ ನಾಟಿತು. ದೀಪ ಒಂದು ಹಚ್ಚಿ ಮುಗಿದರೆ ಸಾಕಪ್ಪಾ ಎಂದು ಅವರಿಗಿಂತ ಹೆಚ್ಚಾಗಿ ನಾನೇ ಬೇಡಿಕೊಳ್ಳುವಂತಾಯಿತು.

ಹೊನ್ನಾವರದಲ್ಲಿ ಬಾಡಿಗೆ ಕಾರುಗಳಿದ್ದವು, ಎರಡು ದೋಣಿ ಜೋಡಿಸಿದ ಜಂಗಲಿನಲ್ಲಿ ಹೊಳೆ ದಾಟಿಸಿ ತರಬಹುದಿತ್ತು. ಅದಕ್ಕೆ ಅತ್ತೆ ಒಪ್ಪಲಿಲ್ಲ. ಬಾಡಿಗೆ ಗಾಡಿಯಲ್ಲಿ ನಿನ್ನೆ ಮೀನಿನ ಬುಟ್ಟಿ ಕೂತಿರುತ್ತದೆ, ಇವತ್ತು ಅಲ್ಲೇ ಕೂತು ಹರಕೆಗೆ ಹೋಗುವುದೇ ಎಂದು ಕೇಳಿದರು. ಬಾಡಿಗೆ ಎಂಬ ಶಬ್ದವೇ ಅವರಿಗೆ ಆಗುತ್ತಿರಲಿಲ್ಲ. ಹಾಗೆಂದು ಕಾರು ಕಟ್ಟು ಎಂದು ಅವರು ಮಗನಿಗೆ ಹೇಳಿದವರಲ್ಲ. ಅದು ಮಗನ ಸ್ವಂತ ಬುದ್ಧಿ.

ಭಟ್ಕಳದ ನವಾಯತ ವ್ಯಾಪಾರಿಯೊಬ್ಬರ ಹಿತ್ತಲಲ್ಲಿ ಹಳೆಯ ಪುಟ್ಟ ಕಾರೊಂದು ಬಿದ್ದಿತ್ತು. ಅದರ ಮೈಯೆಲ್ಲ ಉಪ್ಪುಗಾಳಿಗೆ ತುಕ್ಕು ಹಿಡಿದು ಉದುರಿಹೋಗಿತ್ತು. ಒಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಇಂಜಿನ್ನು, ಗಾಲಿ, ಅಡಿಯ ಕಬ್ಬಿಣದ ಚೌಕಟ್ಟು ಮಾತ್ರ ಗಟ್ಟಿಯಾಗಿದ್ದವು. ಇವರು ಅದನ್ನು ಎತ್ತಿನಗಾಡಿಯ ಮೇಲೆ ಹೇರಿಸಿಕೊಂಡು ಬಂದರು. ಕೋಳಿಗಳ ಬಗ್ಗೆ ಆ ವ್ಯಾಪಾರಿ ತುಂಬ ಬೇಜಾರು ಮಾಡಿಕೊಂಡರಂತೆ. ಕಾರಿಗೆ ಹೊಸ ಮೈ ಮಾಡುವವರು ಊರಲ್ಲಿ ಯಾರಿದ್ದಾರೆ, ದೋಣಿ ಕಟ್ಟುವ ಆಚಾರಿ ತಾನೆ. ಅವನು ಹಲಸಿನ ಹಲಗೆ ತಂದು ತನಗೆ ಬರುವ ಕೆಲಸ ಮಾಡಿಕೊಟ್ಟ. ಮುಂದಿನಿಂದ ನೋಡಿದರೆ ಕಾರು, ಹಿಂದಿನಿಂದ ನೋಡಿದರೆ ಬಂಗಡೆ ಹಿಡಿಯಲು ಹೊರಟ ದೋಣಿ. ಇವರು ಅಂಗಳದಲ್ಲಿ ಸುತ್ತು ಬಂದು ಬಂದು ಅದನ್ನು ನೋಡಿದರು. ನಾನೂ ನೋಡಿದೆ.

ಆಮೇಲೆ ಬಂತು ವಾಯರಿನ ಪಾಳಿ. ದೀಪಕ್ಕೆ, ಹಾರನ್ನಿಗೆ, ಇಂಜಿನ್ನಿನ ಕಿಡಿಗೆ ಎಲ್ಲದಕ್ಕೂ ವಾಯರು ಬೇಕು. ಇವರು ಕುಮಟೆಗೆ ಹೋಗಿ ಗ್ಯಾರೇಜಿನ ದಾಸನನ್ನು ಕೇಳಿದರು. ದಾಸ ಇನ್ನಾರದೋ ಲಾರಿಯ ಅಡಿಯಲ್ಲಿ ಮಲಗಿದ್ದ. ಹೊರಗೆ ಬರದೆ ಅಲ್ಲಿಂದಲೇ ಹೇಳಿದನಂತೆ:

“ಕೆಂಪು ವಾಯರು ಬ್ಯಾಟ್ರಿಯಿಂದ ದೀಪಕ್ಕೆ ತನ್ನಿ ಮಾಸ್ತರ್ರೇ. ಕರಿದೆಲ್ಲ ಬಾಡಿಗೆ ಕಟ್ಟಿ. ಆತು.”

ಇಷ್ಟೇ ಉಪದೇಶ. ಬಾಡಿ ಎಂದರೆ ಕಾರಿನ ಮೈ, ಅದು ಕಬ್ಬಿಣದ್ದಾದರೆ ವಿದ್ಯುತ್ತು ಅದರ ಮೂಲಕವೇ ಬ್ಯಾಟರಿಗೆ ಹಿಂದಿರುಗುತ್ತದೆ. ಅದಕ್ಕೇ ಕರಿ ವಾಯರನ್ನು ಬಾಡಿಗೆ ಕಟ್ಟಬೇಕು. ಇವರು ಈ ಮಾತನ್ನು ಗಾಯತ್ರಿಯಂತೆ ಜಪಿಸುತ್ತ ಮನೆಗೆ ಬಂದರು. ಮರುದಿನವೇ ಕೂತು ಕರಿ ವಾಯರುಗಳನ್ನೆಲ್ಲ ಹಿತ್ತಾಳೆಯ ಸ್ಕ್ರೂ ಹಾಕಿ ಬಾಡಿಗೆ ಬಿಗಿದರು. ಹಲಸಿನ ಬಾಡಿಗೆ. ಗುಂಡಿ ಒತ್ತಿದರೆ ದೀಪ ಹತ್ತಲಿಲ್ಲ, ಹಾರನ್ನು ಕೂಗಲಿಲ್ಲ. ಬ್ಯಾಟರಿ ಬದಲಿಸಿದರು, ಬಲ್ಬು ಬದಲಿಸಿದರು, ದಾಸನನ್ನು ಬೈದರು. ಒಂದು ವಾರ ಮನೆಯಲ್ಲಿ ಯಾರೂ ಅವರ ಹತ್ತಿರ ಮಾತಾಡುವ ಹಾಗಿರಲಿಲ್ಲ.

ಸತ್ಯ ಹೊಳೆದದ್ದು ಎಂಟನೆಯ ಇಯತ್ತೆಯ ತರಗತಿಯಲ್ಲಿ. ಪಾಠ ಓದಿಸುತ್ತಿದ್ದರಂತೆ. ಹುಡುಗಿಯೊಬ್ಬಳು ಎದ್ದು ನಿಂತು, ಮರ, ರಬ್ಬರು, ಗಾಜು ಇವುಗಳಲ್ಲಿ ವಿದ್ಯುತ್ತು ಹರಿಯುವುದಿಲ್ಲ ಎಂದು ಓದಿದಳು. ಇನ್ನೊಮ್ಮೆ ಓದು ಅಂದರು. ಇನ್ನೊಮ್ಮೆ ಓದಿದಳು. ಅದೇ ಪಾಠವನ್ನು ಇವರು ಒಂಬತ್ತು ವರ್ಷದಿಂದ ಕಲಿಸುತ್ತ ಬಂದಿದ್ದರು. ಹೊಟ್ಟೆನೋವು ಎಂದು ಹೇಳಿ ಅರ್ಧ ದಿನದ ರಜೆ ಹಾಕಿ, ದೋಣಿ ದಾಟಿ ಓಡಿ ಬಂದು, ಕರಿ ವಾಯರುಗಳನ್ನೆಲ್ಲ ಕಿತ್ತು ಅಡಿಯ ಕಬ್ಬಿಣದ ಚೌಕಟ್ಟಿಗೆ ಬಿಗಿದರು. ದೀಪ ಹತ್ತಿತು.

ಅಂದಿನಿಂದ ನಮ್ಮ ಮನೆಯಲ್ಲಿ ಬಾಡಿ ಎಂದರೆ ಆ ಕಬ್ಬಿಣದ ಚೌಕಟ್ಟು ಎಂದಾಯಿತು. ಬಾಡಿಗೆ ಕಟ್ಟಿತಾ, ಇದನ್ನು ಬಾಡಿಗೆ ಕಟ್ಟಬೇಕು, ನಿನ್ನೆ ಬಾಡಿಗೆ ಕಟ್ಟಿದ್ದು ಬಿಚ್ಚಿದೆ — ಇವೆಲ್ಲ ಊಟ ಆಯಿತಾ ಎಂಬಷ್ಟೇ ಸಾದಾ ಮಾತುಗಳಾದವು. ಬಾಡಿಗೆ ಎಂದರೆ ಮೂಗು ಮುರಿಯುತ್ತಿದ್ದ ಅತ್ತೆಯ ಬಾಯಲ್ಲೂ ಅದೇ. ಹೊರಗಿನವರ ಕಿವಿಗೆ ಇದು ಹೇಗೆ ಕೇಳೀತು ಎಂದು ನಮಗಾರಿಗೂ ಹೊಳೆಯಲಿಲ್ಲ.

ಮೊದಲ ಸವಾರಿಗೆ ನಾನು ಒಬ್ಬಳೇ ಬಲಿ. ಸಮುದ್ರದ ಕಡೆಯ ಹಾದಿಯಲ್ಲಿ ಸ್ವಲ್ಪ ದೂರ ಹೋಗಿದ್ದೆವು, ಹಾರನ್ನು ತಾನಾಗಿಯೇ ಕೂಗತೊಡಗಿತು. ನಿಲ್ಲಿಸಲು ಗುಂಡಿ ಒತ್ತಿದರೆ ಇನ್ನೂ ಜೋರಾಗಿ ಕೂಗುತ್ತಿದೆಯೋ ಅನ್ನಿಸಿತು. ಸ್ಟೀಮರು ಬಂತೆಂದು ಜನ ದಡಕ್ಕೆ ಓಡಿದರು. ಆಮೇಲೆ ನನ್ನ ಕಾಲ ಹತ್ತಿರ ಹೊಗೆ ಎದ್ದಿತು. ಇವರು ಬ್ಯಾಟರಿಯ ವಾಯರು ಎಳೆದು ಕಿತ್ತ ಮೇಲೆ ಎಲ್ಲ ಶಾಂತವಾಯಿತು. ಮುಂದಿನ ಮುಚ್ಚಳ ಎತ್ತಿ ನಾನೇ ಬಗ್ಗಿ ನೋಡಿದೆ. ವಾಯರುಗಳು ಒಂದರ ಮೇಲೊಂದು ಬಿದ್ದು, ಹೆಣೆದುಕೊಂಡು, ಜೋತುಬಿದ್ದಿದ್ದವು. ಕಬ್ಬಿಣದ ತೂತಿನಲ್ಲಿ ಹಾದುಹೋಗುವಲ್ಲಿ ಅಂಚು ಉಜ್ಜಿ ಉಜ್ಜಿ ಮೇಲಿನ ರಬ್ಬರು ಸವೆದು ಒಳಗಿನ ತಾಮ್ರ ಹೊಳೆಯುತ್ತಿತ್ತು. ಅಲ್ಲೇ ತಾಗಿದ್ದು, ಅದಕ್ಕೇ ಹೊಗೆ. ಒಲೆಯ ಮುಂದೆ ಕೂರುವವಳಿಗೆ ಬೆಂಕಿ ಎಲ್ಲಿಂದ ಏಳುತ್ತದೆ ಎಂದು ತಿಳಿಯಲು ಎಂಟನೆಯ ಇಯತ್ತೆ ಬೇಕಾಗುವುದಿಲ್ಲ.

ಕಾರನ್ನು ತಳ್ಳಿಸಿಕೊಂಡು ಅಂಗಳಕ್ಕೆ ಬಂದ ಮೇಲೆ, ಅಲುಗಾಟಕ್ಕೆ ಹಾಗಾಯಿತು, ಮುಂದೆ ಸರಿಹೋಗುತ್ತದೆ ಅಂದರು ಇವರು. ನನಗೆ ಸಿಟ್ಟು ನೆತ್ತಿಗೇರಿತು.

“ಅತ್ತೇನ ಇದ್ರಲ್ಲಿ ಕೂರ್ಸಲೆ ನಾ ಬಿಡ್ತ್ನಿಲ್ಲೆ,” ಅಂದೆ. “ದೀಪ ಹಚ್ಚಲೆ ಹೊರಟವ್ವೇ ಹತ್ಕಂಡು ಉರಿಯದು ಬೇಡ.”

ಇದನ್ನು ಜಗಲಿಯಲ್ಲಿ ಕೂತ ಅತ್ತೆ ಕೇಳಿಸಿಕೊಂಡರು. ಸೊಸೆ ತನ್ನ ಜೀವಕ್ಕೆ ಮರುಗಿದಳು ಎಂದು ಅವರು ಕರಗಲಿಲ್ಲ. ದೇವಸ್ಥಾನಕ್ಕೆ ಹೋಗುವುದನ್ನು ತಪ್ಪಿಸುತ್ತಿದ್ದಾಳೆ ಎಂದು ಮುಖ ಊದಿಸಿಕೊಂಡರು. ಸಂಜೆವರೆಗೆ ಊದಿಸಿಕೊಂಡೇ ಇದ್ದು, ಆಮೇಲೆ ಆ ವಾಯರೆಲ್ಲ ಬಿಚ್ಚಿ ತನ್ನ ಮುಂದೆ ತಂದು ಹಾಕಲು ಮಗನಿಗೆ ಹೇಳಿದರು.

ಅತ್ತೆಗೆ ಕೈತುಂಬ ಇದ್ದ ಕೆಲಸ ಒಂದೇ, ಮಲ್ಲಿಗೆ ಕಟ್ಟುವುದು. ಭಟ್ಕಳದ ಕಡೆಯಿಂದ ಬಂದ ಮಲ್ಲಿಗೆಯ ಬಳ್ಳಿ ನಮ್ಮ ಹಿತ್ತಲಲ್ಲಿತ್ತು. ಕಾಲು ಚಾಚಿ ಕೂತು, ನಾರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದು, ಮೊಗ್ಗನ್ನು ಎರಡೆರಡಾಗಿ ಇಟ್ಟು ಗಂಟು ಬಿಗಿಯುತ್ತ ಹೋಗುತ್ತಿದ್ದರು. ಅವರು ಕಟ್ಟಿದ ದಂಡೆಯಿಂದ ಮೊಗ್ಗು ಜಾರಿದ್ದು ನಾನು ಕಂಡಿಲ್ಲ. ಈಗ ವಾಯರಿಗೂ ಅದೇ ಹದ. ಕೆಂಪು ಕರಿ ಎಲ್ಲವನ್ನೂ ಕಾರಿನಲ್ಲಿ ಹೋಗುವ ಹಾದಿಯಂತೆ ಜಗಲಿಯ ಮೇಲೆ ಹಾಸಿ, ಒಂದೇ ದಂಡೆಯಾಗಿ ಸೇರಿಸಿ, ಬೆರಳಳತೆಗೊಂದು ಗಂಟು. ಗಂಟು ಬಿಗಿಯಾಗಿ ವಾಯರಿನ ರಬ್ಬರು ಕೊಯ್ಯಬಾರದು, ಸಡಿಲಾಗಿ ಜಾರಬಾರದು. ತಿರುವಿನಲ್ಲಿ ಸ್ವಲ್ಪ ಬಿಡುವು, ಕೊರಳಿಗೆ ಹಾಕುವ ಮಾಲೆಗೆ ಬಿಡುವ ಹಾಗೆ. ಮಗ ಪಕ್ಕದಲ್ಲಿ ನಿಂತು ಇದು ಅವೈಜ್ಞಾನಿಕ ಎಂದು ಹೇಳುತ್ತಿದ್ದರು. ಅತ್ತೆ ಅವರಿಗೆ ವಾಯರಿನ ತುದಿ ಹಿಡಿದುಕೊಳ್ಳುವ ಕೆಲಸ ಕೊಟ್ಟರು.

ನೋಡಲು ಚೆಂದವಾಗಿಯೇ ಇತ್ತು. ಕಟ್ಟಿದ್ದು ಮಾತ್ರ ಬಾಳೆನಾರಿನಲ್ಲಿ.

ಬಾಳೆನಾರು ನೆನೆಸಿ ಕಟ್ಟಿದಾಗ ಮೆತ್ತಗೆ ಕಚ್ಚಿಕೊಳ್ಳುತ್ತದೆ. ಒಂದು ದಿನ ಮುಡಿಯುವ ಹೂವಿಗೆ ಅಷ್ಟು ಸಾಕು. ಇಂಜಿನ್ನಿನ ಬಿಸಿಗೆ ಅದು ವಾರದೊಳಗೆ ಒಣಗಿ ಪುಡಿಯಾಯಿತು. ಇನ್ನೊಂದು ಸವಾರಿ, ಇನ್ನೊಂದು ಹೊಗೆ. ಈ ಸಲ ವಾಯರು ಜಾರಿ ಹೊಗೆಕೊಳವೆಯ ಮೇಲೆ ಬಿದ್ದಿತ್ತು. ಅತ್ತೆ ತನ್ನ ತಪ್ಪು ಎಂದು ಒಪ್ಪಿದರೆ ಕೇಳಿ. ಈಗಿನ ಬಾಳೆಯೇ ಸರಿಯಿಲ್ಲ ಅಂದರು. ತಾಯಿಗೂ ಮಗನಿಗೂ ಎಲ್ಲಿ ಹೋಲಿಕೆ ಎಂದು ಯಾರಾದರೂ ಕೇಳಿದರೆ ನಾನು ಈ ಮಾತನ್ನೇ ಹೇಳುತ್ತೇನೆ.

ಬಲೆ ಹೆಣೆಯುವ ಹತ್ತಿಯ ದಾರ ನಮ್ಮೂರಲ್ಲಿ ಕೇಳಿದಲ್ಲಿ ಸಿಗುತ್ತದೆ. ನಾನು ಅದನ್ನು ತರಿಸಿ, ಜೇನುಮೇಣ ತಿಕ್ಕಿ ಅತ್ತೆಯ ಮುಂದಿಟ್ಟೆ. ಅವರು ಮತ್ತೆ ಮೊದಲಿನಿಂದ ಕಟ್ಟಲು ಕೂತರು. ಕಬ್ಬಿಣದ ತೂತುಗಳಿಗೆಲ್ಲ ಸೈಕಲ್ ಟ್ಯೂಬಿನ ತುಂಡು ಕೊಯ್ದು ಒಳಗಡೆ ಹಚ್ಚಿದ್ದು ನಮ್ಮವರೇ, ಅದನ್ನು ಇಲ್ಲ ಅನ್ನುವುದಿಲ್ಲ. ಹೊಗೆಕೊಳವೆಯಿಂದ ದೂರ ಮೇಲೆ ಒಯ್ಯಬೇಕು ಎಂದು ಹಟ ಹಿಡಿದವಳು ನಾನು. ಮುಗಿದ ಮೇಲೆ ಆ ದಂಡೆ ಬ್ಯಾಟರಿಯಿಂದ ಹೊರಟು ಚೌಕಟ್ಟಿನ ಮಗ್ಗುಲಲ್ಲಿ ಅಂಟಿಕೊಂಡು ಹಿಂದಿನ ದೀಪದವರೆಗೆ ಹೋಗಿ ಮುಟ್ಟಿತು. ಗಟ್ಟಿಯಾಗಿ ಎಳೆದರೂ ಅಲುಗದು. ಅಂಗಳದಲ್ಲಿ ಎಷ್ಟು ಸುತ್ತು ಹೊಡೆದರೂ ಹೊಗೆ ಇಲ್ಲ, ತಾನಾಗಿ ಕೂಗುವ ಹಾರನ್ನಿಲ್ಲ.

ಒಂದು ಮಾತು ಬಿಟ್ಟೆ. ಬಲಗಡೆಯ ಮುಂದಿನ ದೀಪದ ವಾಯರನ್ನು ಇವರು ಅತ್ತೆಗೆ ಕೊಡಲಿಲ್ಲ. ಅಷ್ಟಾದರೂ ವೈಜ್ಞಾನಿಕವಾಗಿ ಇರಲಿ ಎಂದು ಭಟ್ಕಳದಿಂದ ತರಿಸಿದ ಪರದೇಶಿ ಕರಿ ಟೇಪು ಸುತ್ತಿ ತಾವೇ ಅಂಟಿಸಿದರು. ಇರಲಿ ಬಿಡು, ಹುಡುಗಾಟಕ್ಕೆ ಒಂದು ಬೇಕು ಎಂದು ಅತ್ತೆ ಅದನ್ನು ಬಿಟ್ಟುಕೊಟ್ಟರು.

ಕುಮಟೆಗೆ ಹೋಗಿ ಕಾರಿಗೆ ಪಾಸಿಂಗೂ ಆಯಿತು, ನಂಬರೂ ಬಂತು. ಈಗ ಇವರ ಬಾಯಿಗೆ ಬೀಗವಿಲ್ಲ. ದಿನಾ ದೋಣಿಯಲ್ಲಿ ಹೋಗುವಾಗ ಬರುವಾಗ, ಎಲ್ಲ ಹೇಗೆ ಬಾಡಿಗೆ ಕಟ್ಟಿದೆ, ಎಷ್ಟು ಚೊಕ್ಕವಾಗಿ ಕಟ್ಟಿದೆ ಎಂದು ವರ್ಣನೆ. ತಾಯಿಯ ಹೆಸರು ಆ ವರ್ಣನೆಯಲ್ಲಿ ಬರುತ್ತಿರಲಿಲ್ಲ ಎಂದು ನನಗೆ ದೋಣಿಯವರಿಂದಲೇ ಗೊತ್ತಾಯಿತು. ಅತ್ತೆಗೆ ನಾನು ಹೇಳಲಿಲ್ಲ. ಹೇಳಬೇಕೆಂದು ನಾಲಗೆ ತುದಿಯವರೆಗೆ ಬರುತ್ತಿತ್ತು.

ಆ ದಿನಗಳಲ್ಲೇ ಹೆಬಳೆಯ ಬೊಮ್ಮಯ್ಯ ಎಂಬವರು ಮನೆಗೆ ಬಂದರು. ಮಗನ ಮದುವೆ, ದಿಬ್ಬಣಕ್ಕೆ ಕಾರು ಬೇಕು. ಮಾಸ್ತರರು ಬಾಡಿಗೆ ಸುದ್ದಿ ಮಾತಾಡುತ್ತಾರೆ ಎಂದು ದೋಣಿಯಲ್ಲಿ ಕೇಳಿ ಬಂದದ್ದು. ಅದನ್ನೆಲ್ಲ ಬಿಡಿಸಿ ಹೇಳಿದ್ದರೆ ಆಗುತ್ತಿತ್ತು. ಬೊಮ್ಮಯ್ಯ ಅದು ಬಿಟ್ಟು ದೊಡ್ಡ ಮನುಷ್ಯರ ಹಾಗೆ ನಿಂತು, ಬಾಡಿಗೆ ನಾನೇ ಕಟ್ಟುತ್ತೇನೆ ಅಂದರು. ಇವರು ಕಾರಿನ ಅಡಿಯಲ್ಲಿ ಮಲಗಿದ್ದರು, ದಾಸನ ಹಾಗೆಯೇ. ಅದು ನಿಮ್ಮಂಥವರ ಕೈಯಲ್ಲಿ ಆಗುವ ಕೆಲಸವಲ್ಲ, ಸುಮ್ಮನೆ ಮನೆಗೆ ಹೋಗಿ ಎಂದು ಅಡಿಯಿಂದಲೇ ಹೇಳಿ ಕಳಿಸಿದರು. ನಾನು ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಬೊಮ್ಮಯ್ಯ ಹೊರಟುಹೋದರು. ಒಳ್ಳೇ ಮನುಷ್ಯ, ಯಾಕೆ ಸಿಟ್ಟಾದರೋ ಎಂದು ಇವರಿಗೆ ಆಶ್ಚರ್ಯ. ಬೊಮ್ಮಯ್ಯ ನೆಟ್ಟಗೆ ಬಾಡಿಗೆ ಕಾರಿನವರ ಹತ್ತಿರ ಹೋಗಿ, ಪರ್ಮಿಟ್ಟಿಲ್ಲದೆ ಬಾಡಿಗೆ ಗಾಡಿ ಓಡಿಸುವ ಮಾಸ್ತರನ ಕಥೆ ಹೇಳಿದ್ದು, ಅದು ಅಲ್ಲಿಂದ ಮೋಟಾರು ಇನ್‌ಸ್ಪೆಕ್ಟರವರೆಗೆ ಹೋದದ್ದು ನಮಗೆ ಆಮೇಲೆ ತಿಳಿಯಿತು.

ಶಾಲೆಗೆ ರಜೆಯಿದ್ದ ಸಂಕಷ್ಟಿಯ ದಿನ ಬೆಳಿಗ್ಗೆ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಕೂರಿಸಿದೆವು. ತೊಡೆಯ ಮೇಲೆ ಬುಟ್ಟಿ. ಅದರಲ್ಲಿ ದೀಪ, ಎಣ್ಣೆ, ಬತ್ತಿ, ಮತ್ತು ಬೆಳಿಗ್ಗೆ ತಾನೇ ಕಟ್ಟಿದ ಮಲ್ಲಿಗೆ. ಮನೆಯ ಗೇಟು ದಾಟಿದಾಗ ಅವರು ಹೊರಗಿನ ಗದ್ದೆ, ಅಂಗಡಿ, ಕಟ್ಟೆಯ ಮೇಲೆ ಕೂತವರು ಎಲ್ಲರನ್ನೂ ಹೊಸದಾಗಿ ನೋಡುವ ಹಾಗೆ ನೋಡಿದರು. ಎತ್ತಿನಗಾಡಿಯಲ್ಲಿ ತಿರುಗಿ ಬಂದ ಮೇಲೆ ಅವರು ಕಂಡದ್ದು ನಮ್ಮ ಅಂಗಳ ಮಾತ್ರ ಎಂದು ನಾನು ಅಷ್ಟು ವರ್ಷ ಯೋಚಿಸಿಯೇ ಇರಲಿಲ್ಲ. ಮಹಾಪೂಜೆಯೊಳಗೆ ಮುಟ್ಟಿಸಿದರೆ ಸಾಕು ಎಂದು ಇವರಿಗೆ ಹೇಳಿದೆ. ಪೂಜೆ ಮುಗಿದರೆ ಬಾಗಿಲು ಹಾಕುತ್ತಾರೆ.

ಹೆದ್ದಾರಿ ಬಿಟ್ಟು ಇಡಗುಂಜಿಗೆ ತಿರುಗುವಲ್ಲಿ ಜೀಪು ನಿಂತಿತ್ತು. ಮೋಟಾರು ಇನ್‌ಸ್ಪೆಕ್ಟರು ಕೈ ಅಡ್ಡ ಹಾಕಿದರು. ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು, ಮಾತು ಮೆತ್ತಗೆ. ಕಾರಿನ ಸುತ್ತ ಒಂದು ಸುತ್ತು ಬಂದರು, ಹಿಂದಿನ ದೋಣಿಯ ಹತ್ತಿರ ಸ್ವಲ್ಪ ಹೊತ್ತು ಹೆಚ್ಚೇ ನಿಂತರು, ಆಮೇಲೆ ಬಂದು ಮುಂದಿನ ಮುಚ್ಚಳದ ಮೇಲೆ ಬೆರಳಿನಿಂದ ತಟ್ಟಿದರು.

“ಏನ್ ಮೇಷ್ಟ್ರೇ, ಬಾಡಿಗೇನಾ?”

ಇವರ ಮುಖ ಅರಳಿತು. ಅಷ್ಟು ದಿನಕ್ಕೆ ತಿಳಿದವರೊಬ್ಬರು ಸಿಕ್ಕಿದರು ಎಂದು.

“ಹೌದು ಸಾರ್. ಪೂರ್ತಿ ಬಾಡಿಗೇ. ಒಂದನ್ನೂ ಬಿಟ್ಟಿಲ್ಲ.”

“ಯಾವಾಗಿನಿಂದ?”

“ಮೊದಲು ಮರಕ್ಕೆ ಕಟ್ಟಿದ್ದೆ ಸಾರ್, ಅದು ಪ್ರಯೋಜನವಾಗಲಿಲ್ಲ. ಈಗ ಎರಡು ತಿಂಗಳಿಂದ ಬಾಡಿಗೆ.”

ಇನ್‌ಸ್ಪೆಕ್ಟರು ಇಷ್ಟು ಸುಲಭವಾಗಿ ತಪ್ಪೊಪ್ಪಿಕೊಂಡವರನ್ನು ಈ ಮೊದಲು ಕಂಡಿರಲಿಲ್ಲವೇನೋ. ಆಮೇಲೆ ಕಿಟಕಿಯಲ್ಲಿ ಬಗ್ಗಿ, ಬುಟ್ಟಿ ಹಿಡಿದು ಕೂತ ಅತ್ತೆಯನ್ನು ಮರ್ಯಾದೆಯಿಂದ ಕೇಳಿದರು.

“ಅಜ್ಜಿ, ನೀವೂ ಬಾಡಿಗೆ ಕಟ್ಟಿದ್ದೀರಾ?”

“ಎಲ್ಲಾ ನಾನೇ ಕಟ್ಟಿದ್ದು,” ಅಂದರು ಅತ್ತೆ. “ಇವ ಒಂದೂ ಕಟ್ಟಿದ್ನಿಲ್ಲೆ.”

“ಇವರು ನಿಮಗೆ ಏನಾಗಬೇಕು?”

“ಮಗ.”

ಇನ್‌ಸ್ಪೆಕ್ಟರು ನೆಟ್ಟಗಾಗಿ ಇವರ ಕಡೆ ತಿರುಗಿದರು. ಹೆತ್ತ ತಾಯಿಯ ಹತ್ತಿರವೂ ಕಟ್ಟಿಸಿಕೊಂಡಿರಾ ಎಂದು ಕೇಳಿದರು. ಇಡೀ ಹೊನ್ನಾವರಕ್ಕೆ ತಾನೇ ಕಟ್ಟಿದ್ದು ಎಂದು ಸಾರಿದ್ದ ಇವರು, ಗುಟ್ಟು ಬಯಲಾಯಿತೆಂದು ಕೆಂಪಾಗಿ ತಲೆ ತಗ್ಗಿಸಿದರು. ತಾಯಿಯದು ಸ್ವಲ್ಪ ಮಾತ್ರ ಸಾರ್, ಉಳಿದದ್ದೆಲ್ಲ ನಾನೇ, ಎಂದು ತೊದಲಿದರು. ಸ್ವಲ್ಪವಾದರೂ ನಾಚಿಕೆ ಬೇಡವೇ ಎಂದರು ಇನ್‌ಸ್ಪೆಕ್ಟರು. ಗಾಡಿ ಇಲ್ಲಿಂದ ಮುಂದೆ ಹೋಗುವಂತಿಲ್ಲ, ಹೊನ್ನಾವರಕ್ಕೆ ಒಯ್ಯುತ್ತೇವೆ, ಪ್ಯಾಸೆಂಜರುಗಳೆಲ್ಲ ಇಳಿಯಬೇಕು ಎಂದೂ ಹೇಳಿದರು.

ಪ್ಯಾಸೆಂಜರು ಎಂದ ಮೇಲೆ, ಅವರು ಕೇಳುತ್ತಿರುವುದು ದುಡ್ಡಿನ ಬಾಡಿಗೆ ಎಂದು ನನಗೆ ಹೊಳೆಯಿತು. ಬೊಮ್ಮಯ್ಯ ಬಿಟ್ಟುಹೋದ ಮಜ್ಜಿಗೆಯೂ ನೆನಪಾಯಿತು. ಇಳಿದು ಹೋಗಿ ಮುಚ್ಚಳ ಎತ್ತಿದೆ, ಚೌಕಟ್ಟು ತೋರಿಸಿದೆ. ಇದು ಬಾಡಿ, ಇದು ಕರಿ ವಾಯರು, ನಾವು ಬಾಡಿಗೆ ಕಟ್ಟಿದ್ದು ಇದನ್ನು, ದುಡ್ಡನ್ನಲ್ಲ ಎಂದೆ. ಇನ್‌ಸ್ಪೆಕ್ಟರಿಗೆ ನಗು ಬಂತು, ಅದನ್ನು ಮೀಸೆಯಲ್ಲೇ ತಡೆದರು. ಆದರೆ ಬಗ್ಗಿ ದಂಡೆಯನ್ನು ನೋಡಿದ ಮೇಲೆ ಮತ್ತೆ ಮುಖ ಬಿಗಿಯಿತು. ಒಂದೊಂದು ಗಂಟನ್ನೂ ಮುಟ್ಟಿ ನೋಡಿದರು. ಇದು ಮನೆಯಲ್ಲಿ ಮಾಡಿದ ಕೆಲಸ ಎಂದರೆ ನಂಬುವುದು ಹೇಗೆ, ಇದು ಕಸಬಿನವರ ಕೈ, ಯಾವುದೋ ಗ್ಯಾರೇಜಿನವರು ದುಡ್ಡು ಹಾಕಿ ಬಾಡಿಗೆಗೆಂದೇ ಕಟ್ಟಿಸಿದ ಗಾಡಿ ಇದು ಎಂದರು. ನೀವೇ ಕಟ್ಟಿದ್ದು ತಾನೇ, ಇಗೋ, ಒಂದು ಗಂಟು ಬಿಚ್ಚಿದ್ದೇನೆ, ಕಟ್ಟಿ ತೋರಿಸಿ ಎಂದು ಇವರಿಗೆ ಹೇಳಿದರು.

ಇವರು ಕೋಟು ಬಿಚ್ಚಿಟ್ಟು ಕಟ್ಟಿದರು. ಗಂಟು ಜಾರಿತು. ಮತ್ತೆ ಕಟ್ಟಿದರು. ದಾರ ವಾಯರಿನಲ್ಲಿ ಸಿಕ್ಕಿಕೊಂಡಿತು. ಹಾದಿಹೋಕರು ನಿಂತು ನೋಡತೊಡಗಿದರು, ಅವರಲ್ಲಿ ಇವರ ಶಾಲೆಯ ಹುಡುಗರೂ ಇದ್ದರು. ಗುಡ್ಡದಾಚೆಯಿಂದ ಗಂಟೆಯ ಸದ್ದು ಕೇಳಿತು, ಮಹಾಪೂಜೆ ಶುರುವಾಗಿತ್ತು. ಅತ್ತೆ ಒಳಗೆ ಬುಟ್ಟಿ ಹಿಡಿದು ಕೂತಿದ್ದರು. ಕಟ್ಟಿದ್ದು ನಾನು ಎಂದು ಇನ್ನೊಮ್ಮೆ ಅವರು ಹೇಳಲಿಲ್ಲ. ಅಷ್ಟು ಜನರ ಎದುರು ಮಗನ ಮುಖ ನೋಡಿ ಬಾಯಿ ಮುಚ್ಚಿಕೊಂಡಿದ್ದರು. ನಾನು ಬಾಯಿ ತೆರೆಯಲು ಹೊರಟವಳು ಅವರನ್ನು ನೋಡಿ ತಡೆದೆ. ಇದು ಇವರೇ ಹೇಳಬೇಕಾದ ಮಾತು.

ಇವರು ಮೂರನೆಯ ಸಲ ಪ್ರಯತ್ನಿಸಿ ಕೈಬಿಟ್ಟರು. ದಾರವನ್ನು ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಹತ್ತಿರ ಹೋದರು.

“ಆಯಿ, ನಂಗೆ ಬತ್ತಿಲ್ಲೆ. ನೀನೇ ಕಟ್ಟಿ ತೋರ್ಸು.”

ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು. ಮದುವೆಯಾದಂದಿನಿಂದ ನನಗೆ ಇವರ ಮೇಲೆ ಅಷ್ಟು ಅಭಿಮಾನ ಬಂದದ್ದು ಆ ಹೊತ್ತು ಒಂದೇ.

ಅತ್ತೆಯನ್ನು ನಾವಿಬ್ಬರೂ ಎತ್ತಿ ಇಳಿಸಿ ಹಾದಿಯ ಪಕ್ಕದ ಕಟ್ಟೆಯ ಮೇಲೆ ಕೂರಿಸಿದೆವು. ಅವರು ಕಾಲು ಚಾಚಿ, ದಾರದ ತುದಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಇನ್‌ಸ್ಪೆಕ್ಟರು ಕೊಟ್ಟ ವಾಯರಿನ ತುಂಡುಗಳನ್ನು ಜೋಡಿಸಿ ನಾಲ್ಕು ಗಂಟು ಹಾಕಿ ಮುಂದೆ ಹಿಡಿದರು. ಇನ್‌ಸ್ಪೆಕ್ಟರು ಎಳೆದು ನೋಡಿದರು, ಕಾರಿನ ಗಂಟಿನ ಜೊತೆ ಹೋಲಿಸಿ ನೋಡಿದರು. ನಮ್ಮ ಅಮ್ಮನೂ ಹೀಗೇ ಕಾಲಿಗೆ ಸಿಕ್ಕಿಸಿಕೊಂಡು ಹೂ ಕಟ್ಟುತ್ತಿದ್ದರು ಎಂದು ಮೆತ್ತಗೆ ಹೇಳಿ, ಹೋಗಿ ಬನ್ನಿ ಎಂದರು.

ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿಸಿ, ಅತ್ತೆಯನ್ನು ಮತ್ತೆ ಹತ್ತಿಸಿ, ಇಡಗುಂಜಿ ಮುಟ್ಟುವಾಗ ಪೂಜೆ ಮುಗಿದು ಜನ ಊಟಕ್ಕೆ ಹೊರಟಿದ್ದರು. ದೇವಸ್ಥಾನದ ಬಾಗಿಲು ಹಾಕಿತ್ತು. ಇನ್ನು ತೆಗೆಯುವುದು ಮಧ್ಯಾಹ್ನ ಕಳೆದ ಮೇಲೆ. ಇವರು ಕಾರನ್ನು ಬಾಗಿಲಿಗೆ ಎದುರಾಗಿ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತುಬಿಟ್ಟರು. ಅವರ ಕಣ್ಣಲ್ಲಿ ನೀರಿತ್ತು. ತಪ್ಪಾಯಿತು ಎಂದು ತಾಯಿಗೆ ಹೇಳಿದರು, ಯಾವ ತಪ್ಪು ಎಂದು ಹೇಳಲಿಲ್ಲ.

ಅತ್ತೆ ಮುಚ್ಚಿದ ಬಾಗಿಲನ್ನು ನೋಡಿದರು. ದೀಪದ ಗುಂಡಿ ಯಾವುದು ಎಂದು ಕೇಳಿದರು. ನಾನು ತೋರಿಸಿದೆ.

“ಕೈಯಾರೆ ದೀಪ ಹಚ್ತೆ ಹೇಳಿ ಹರಕೆ ಹೊತ್ತದ್ದು,” ಅಂದರು. “ಬಾಗ್ಲು ತೆಗೆದಿರವು ಹೇಳಿ ಹೊತ್ತದ್ದಲ್ಲ.”

ಹಿಂದಿನ ಸೀಟಿನಿಂದ ಕೈ ಚಾಚಿದರು, ಎಟುಕಲಿಲ್ಲ. ನಾನು ಅವರ ಬೆನ್ನಿಗೆ ಕೈ ಕೊಟ್ಟು ಮುಂದಕ್ಕೆ ಬಾಗಿಸಿದೆ. ಸೊಂಟ ನೋಯುತ್ತಿತ್ತು, ತುಟಿ ಕಚ್ಚಿಕೊಂಡು ಗುಂಡಿ ಒತ್ತಿದರು. ಅಂಥ ಬಿಸಿಲಲ್ಲಿ ಹತ್ತಿತೋ ಇಲ್ಲವೋ ಒಳಗೆ ಕೂತವರಿಗೆ ತಿಳಿಯಲಿಲ್ಲ. ಇವರು ಇಳಿದು ಮುಂದೆ ಹೋಗಿ ನೋಡಿದರು, ಅಂಗೈ ಅಡ್ಡ ಹಿಡಿದು ಮತ್ತೆ ನೋಡಿದರು. ಎಡಗಡೆಯ ದೀಪ ಹತ್ತಿತ್ತು. ಬಲಗಡೆಯದು ಹತ್ತಿರಲಿಲ್ಲ. ಪರದೇಶಿ ಟೇಪಿನ ಅಂಟು ಬಿಸಿಗೆ ಕರಗಿ, ಬಿಚ್ಚಿ, ವಾಯರು ಕಳಚಿ ಜೋತುಬಿದ್ದಿತ್ತು.

ಇವರು ಅದನ್ನು ಸರಿಮಾಡಲು ಬಗ್ಗಿದರು. ಅತ್ತೆ ಬೇಡ ಅಂದರು.

“ಸಾಕು ಬಿಡು. ಅವಂಗೂ ದಂತ ಒಂದೇ ಇದ್ದು.”

ಹೇಳಿ, ದಿಂಬಿಗೆ ಒರಗಿ ಕೈಮುಗಿದರು. ಆಮೇಲೆ ನನ್ನ ಕಡೆ ನೋಡಿ, ಬುಟ್ಟಿಯಿಂದ ಮಲ್ಲಿಗೆ ದಂಡೆ ತೆಗೆದು ಅರ್ಧ ಹರಿದರು. ಅರ್ಧ ದೇವರಿಗೆ ಇಟ್ಟುಕೊಂಡು ಅರ್ಧವನ್ನು ನನ್ನ ತಲೆಗೆ ಮುಡಿಸಿದರು. ಅವರು ಹಾಗೆ ಮಾಡಿದ್ದು ನಾನು ಆ ಮನೆಗೆ ಬಂದ ಮೇಲೆ ಮೊದಲ ಸಲ.

ಬಾಗಿಲು ತೆಗೆಯಲು ಇನ್ನೂ ಹೊತ್ತಿತ್ತು. ಇವರು ಕಾರಿನ ಪಕ್ಕದ ಮರದ ನೆರಳಲ್ಲಿ ಚಪ್ಪಲಿ ಬಿಟ್ಟು ಕಾಲು ಚಾಚಿ ಕೂತರು, ದಾರದ ತುದಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿದರು. ಶಾಲೆಯ ಹುಡುಗರು ಅಲ್ಲಿಗೂ ಬಂದು ನೋಡುತ್ತ ನಿಂತಿದ್ದರು. ಮಾಸ್ತರರು ಅವರ ಕಡೆ ತಿರುಗಿಯೂ ನೋಡದೆ, ಈಗ ಹೇಳು, ಹೇಗೆ ಕಟ್ಟುವುದು ಎಂದು ತಾಯಿಯನ್ನು ಕೇಳಿದರು.